ನಮ್ಮ ನದಿಗಳ ಹರಿಗೋಲು

ನಿಮ್ಮ ಮನೆಯಲ್ಲಿ ರೇಡಿಯೋ ಉಂಟು. ಕೆಲವರ ಮನೆಯ ಮುಂದೆ ಕಾರೂ ನಿಂತಿರಬಹುದು. ಆದರೆ "ನಮ್ಮದೊಂದು ಸ್ವಂತ ದೋಣಿ ಇದೆ" ಎನ್ನಬಲ್ಲವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಬೆರಳೆಣಿಕೆಗೂ ಸಿಕ್ಕಲಾರಿರಿ ಎಂದು ನನ್ನ ಊಹೆ. ಅಮೆರಿಕ ಮೊದಲಾದ ದೇಶಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ನಮ್ಮ ಮಲ್ಪೆ, ಮಂಗಳೂರುಗಳಲ್ಲಿ ಮೀನು ಹಿಡಿಯುವ ಟ್ರಾಲರುಗಳನ್ನು ನೀವು ಕಂಡಿರಬಹುದು. ಅದೇ ಆಕಾರದಲ್ಲಿ, ಆದರೆ ಬಹು ಚಿಕ್ಕದಾಗಿ, ಮಲಗಲೊಂದು ಕೋಣೆಯನ್ನೂ ಅಡಿಗೆಗೊಂದು ಮೂಲೆಯನ್ನೂ ಇರಿಸಿ ವಿಹಾರದ ದೋಣಿಗಳನ್ನು ಅಲ್ಲಿ ಕಟ್ಟುತ್ತಾರೆ. ದೋಣಿಯ ಒಡೆಯನು ಅದನ್ನು ಚಕ್ರದ ಬಂಡಿಯ ಮೇಲೇರಿಸಿ ತನ್ನ ವಾಹನದ ಹಿಂದೆ ಕಟ್ಟಿಕೊಂಡು ಬೇಕಾದ ನದಿಗೆ, ಬೇಕಾದ ಸರೋವರಕ್ಕೆ ಕೊಂಡೊಯ್ಯುತ್ತಾನೆ. ರಜೆ ಮುಗಿದೊಡನೆ ನೀರಿನಿಂದ ಎತ್ತಿ ಮನೆಯ ಹಿತ್ತಿಲಿಗೆ ತರುತ್ತಾನೆ. ಇಂಥ ದೋಣಿಗೆ ಅಳತೆ ಕೊಡುವುದು ನೀರಲ್ಲ, ರಸ್ತೆ. ಅಲ್ಲಿಯ ಹೆದ್ದಾರಿಗಳಲ್ಲಿ ವಿಶೇಷ ಪರವಾನಗಿಯಿಲ್ಲದೆ ಎಳೆದೊಯ್ಯಬಹುದಾದ ಅಗಲ ಸಾಮಾನ್ಯವಾಗಿ ಎಂಟೂವರೆ ಅಡಿ. ಅದಕ್ಕಿಂತ ಅಗಲವಾದುದು ಸಮುದ್ರವನ್ನು ದಾಟಬಲ್ಲುದಾದರೂ ಹಿತ್ತಿಲಿಗೆ ಸುಲಭವಾಗಿ ಬಾರದು.

ಈ ಸಂಗತಿಯನ್ನು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಏಕೆಂದರೆ, ನೆಲದ ಮೇಲೆ ಹೊತ್ತು ನಡೆಯಬಹುದಾದ ಸ್ವಂತ ದೋಣಿಯನ್ನು ನಾನು ಉಯ್ಯಂಬಳ್ಳಿಗೆ ಮೇಷ್ಟರಾಗಿ ಬಂದ ಹೊಸದರಲ್ಲಿಯೇ ಕಂಡಿದ್ದೆ. ಅದರ ಹೆಸರು ಹರಿಗೋಲು. ಅದರ ಚರಿತ್ರೆಯನ್ನು ನಿಮ್ಮ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಕನಕಪುರ ತಾಲ್ಲೂಕಿನ ನಮ್ಮ ಉಯ್ಯಂಬಳ್ಳಿಯ ಕಡೆಯಿಂದ ಕಾಡಿನ ದಾರಿ ಹಿಡಿದು ಕಾವೇರಿಯತ್ತ ಇಳಿದರೆ ಸಂಗಮ ಸಿಕ್ಕುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ರಾಮನಗರ, ಕನಕಪುರಗಳನ್ನು ಹಾದು ಬಂದು ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ಇಲ್ಲಿಂದ ಸುಮಾರು ನಾಲ್ಕು ಕಿಲೋಮೀಟರು ಕೆಳಗೆ ಮೇಕೆದಾಟು. ಅಲ್ಲಿ ಅಷ್ಟು ದೊಡ್ಡ ನದಿಯು ಬಂಡೆಗಳ ನಡುವಣ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಮೇಕೆಯೊಂದು ಹಾರಿ ದಾಟಿತೆಂಬ ಐತಿಹ್ಯದಿಂದ ಆ ಹೆಸರು ಬಂದಿದೆ. ಸಂಗಮಕ್ಕೆ ಬಂದವರು ಮೇಕೆದಾಟಿಗೆ ಹೋಗಬೇಕಾದರೆ ಮೊದಲು ಹೊಳೆಯನ್ನು ದಾಟಬೇಕು. ಬೇಸಿಗೆಯಲ್ಲಿ ಮೊಣಕಾಲು ನೀರು, ಸೀರೆ ಪಂಚೆಗಳನ್ನು ಎತ್ತಿ ಕಟ್ಟಿ ನಡೆದುಬಿಡಬಹುದು. ನೀರು ಏರಿದರೆ ಹರಿಗೋಲೇ ಗತಿ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಹರಿಗೋಲಿನಲ್ಲಿ ಕುಳಿತಿದ್ದ ನಾನು, ಎರಡು ನೀರುಗಳು ಕೂಡುವ ಗೆರೆಯನ್ನು ಹುಡುಗರಿಗೆ ತೋರಿಸಬೇಕೆಂಬ ಉತ್ಸಾಹದಲ್ಲಿ ಎದ್ದು ನಿಂತೆ. ದೋಣಿ ಒಂದು ಕಡೆಗೆ ವಾಲಿತು. ಅಂಬಿಗನು ಹುಟ್ಟನ್ನು ನಿಲ್ಲಿಸದೆಯೇ, "ಕುಂತ್ಕಳಿ ಮೇಷ್ಟ್ರೆ, ಪಾಠ ದಡದ ಮ್ಯಾಲೆ" ಎಂದ. ಮಕ್ಕಳು ನಕ್ಕರು, ನಾನು ತೆಪ್ಪಗೆ ಕುಳಿತೆ. ಸಂಜೆ ನಾವು ಹಿಂದಿರುಗುವ ಹೊತ್ತಿಗೆ ಆತನ ಕೆಲಸವೂ ಮುಗಿದಿತ್ತು. ಹರಿಗೋಲನ್ನು ದಡಕ್ಕೆ ಎಳೆದು, ಒದರಿ, ಬೋರಲು ಮಾಡಿ, ತಲೆಯ ಮೇಲೆ ಏರಿಸಿಕೊಂಡು ಆತನು ದಿಬ್ಬವನ್ನು ಹತ್ತತೊಡಗಿದ. ದೂರದಿಂದ ನೋಡುವವರಿಗೆ ಭಾರಿ ಆಮೆಯೊಂದು ಎರಡು ಕಾಲಲ್ಲಿ ನಡೆಯುವಂತೆ ಕಾಣುತ್ತಿತ್ತು. ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ: "ಸಾರ್, ದೋಣಿ ಮನುಷ್ಯನನ್ನು ಹೊರುತ್ತದೋ, ಮನುಷ್ಯ ದೋಣಿಯನ್ನು ಹೊರುತ್ತಾನೋ?" ಅಂದು ನಾನು ನಕ್ಕು ಸುಮ್ಮನಾದೆ. ಉತ್ತರ ಹೇಳುವಷ್ಟು ಓದು ನನಗೆ ಆಗ ಇರಲಿಲ್ಲ.

ಮೊದಲು ಹೆಸರಿನ ವಿಚಾರ. ಕೋಲು ಎಂಬುದು ಗೋಲು ಆದದ್ದು ಆದೇಶಸಂಧಿಯಿಂದ. ಮೊದಲಲ್ಲಿರುವ ಹಕಾರ ಹಿಂದೆ ಪಕಾರವಾಗಿತ್ತು. ಪಾಲು ಹಾಲಾದಂತೆ, ಪಾವು ಹಾವಾದಂತೆ ಇದೂ ಬದಲಾಯಿತು. ನೆರೆಯ ತಮಿಳಿನಲ್ಲಿ ಆ ಪಕಾರ ಉಳಿದುಕೊಂಡು ಇಂದಿಗೂ ಪರಿಸಲ್ ಎನ್ನುತ್ತಾರೆ. ತೆಲುಗರು ಪುಟ್ಟಿ ಎನ್ನುವರು. ಹನ್ನೆರಡನೆಯ ಶತಮಾನದ ಶರಣರಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರು ಇದ್ದರು. ಪುರಂದರದಾಸರು ಒಂಬತ್ತು ರಂಧ್ರಗಳಿರುವ ಈ ದೇಹವನ್ನು ಹರಿಗೋಲಿಗೆ ಹೋಲಿಸಿ, ದಾಟಿಸೆಂದು ದೇವರನ್ನೇ ಅಂಬಿಗನಾಗಿ ಕರೆದರು. ಕೇಳುವ ಜನಕ್ಕೆ ಹರಿಗೋಲು ನಿತ್ಯದ ವಸ್ತುವಾಗಿದ್ದುದರಿಂದಲೇ ಆ ಹೋಲಿಕೆ ಅಷ್ಟು ಸುಲಭವಾಗಿ ಮನಸ್ಸಿಗೆ ಹತ್ತಿತು.

ಇನ್ನು ಅದರ ರಚನೆ. ಬಿದಿರನ್ನು ಸೀಳಿ ದಬ್ಬೆಗಳನ್ನು ಮಾಡಿ, ಅಗಲವಾದ ಬುಟ್ಟಿಯ ಹಾಗೆ ಹೆಣೆಯುತ್ತಾರೆ. ತಳದಲ್ಲಿ ಗಟ್ಟಿ ದಬ್ಬೆಗಳನ್ನು ಸೇರಿಸಿ ಬಲಪಡಿಸುತ್ತಾರೆ. ಅಂಚಿಗೆ ದಬ್ಬೆಗಳ ಕಟ್ಟನ್ನು ಸುತ್ತಿ ಬಿಗಿಯುತ್ತಾರೆ. ಒಂದು ಮೊಳೆಯೂ ಬೇಕಿಲ್ಲ. ಹಿಂದೆ ಇದರ ಹೊರಮೈಗೆ ದನದ ಇಲ್ಲವೆ ಎಮ್ಮೆಯ ಚರ್ಮವನ್ನು ಹೊದಿಸುತ್ತಿದ್ದರು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಸಾಮಾನ್ಯ ಹರಿಗೋಲಿನ ಅಡ್ಡಳತೆ ಏಳು ಅಡಿಯ ಆಸುಪಾಸು. ಅದರಲ್ಲಿ ಏಳೆಂಟು ಜನ ಕುಳಿತುಕೊಳ್ಳಬಹುದು. ಇಳಿಸಿದ ಮೇಲೆ ಒಬ್ಬನೇ ಅದನ್ನು ಹೊರಬಹುದು.

ದುಂಡಗೆ ಏಕೆ ಎಂದು ನೀವು ಕೇಳಬಹುದು. ನಮ್ಮ ನದಿಗಳ ಸ್ವಭಾವವನ್ನು ನೆನೆಯಿರಿ. ಕಾವೇರಿಯಾಗಲಿ ತುಂಗಭದ್ರೆಯಾಗಲಿ ಬಂಡೆಗಳ ನಡುವೆ ಹರಿಯುವ ನದಿಗಳು. ಒಂದು ಕಡೆ ಆಳವಾದ ಮಡು, ಮರುಗಳಿಗೆಯಲ್ಲೇ ಗೇಣುದ್ದ ನೀರು. ಚೂಪು ಮೂತಿಯ, ಅಡಿಮರವುಳ್ಳ ದೋಣಿ ಇಲ್ಲಿ ಬಂಡೆಗೆ ತಾಗಿ ಸೀಳೀತು. ಹರಿಗೋಲಿಗಾದರೋ ಅಂಗೈಯಗಲದ ಆಳ ಸಾಕು. ಬಂಡೆ ತಗುಲಿದರೆ ಬಿದಿರು ಬಾಗುತ್ತದೆ, ದೋಣಿ ಒಂದು ಸುತ್ತು ತಿರುಗಿ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೆ ಮುಂದು ಹಿಂದು ಎಂಬ ಭೇದವಿಲ್ಲ. ಅಂಬಿಗನು ಯಾವ ಕಡೆ ಕುಳಿತು ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳುವನೋ ಅದೇ ಮುಂದು. ಸುಳಿಗೆ ಸಿಕ್ಕಾಗ ಅನುಭವಿಯಾದವನು ಅದರೊಡನೆ ಹೋರಾಡುವುದಿಲ್ಲ. ದೋಣಿಯನ್ನು ಒಂದು ಸುತ್ತು ತಿರುಗಲು ಬಿಟ್ಟು, ಹೊರಬರುವ ಗಳಿಗೆಯನ್ನು ಕಾದು, ಒಂದೇ ಎಳೆತಕ್ಕೆ ಆಚೆ ತರುತ್ತಾನೆ.

ಇಷ್ಟೆಲ್ಲ ಗುಣಗಳ ಜೊತೆಗೆ ಒಂದು ದೋಷವೂ ಉಂಟು. ಹರಿಗೋಲು ಹೊಳೆಯ ಇಳಿಜಾರಿನಲ್ಲಿ ಸೊಗಸಾಗಿ ಹೋಗುತ್ತದೆ, ಅಡ್ಡಲಾಗಿಯೂ ದಾಟುತ್ತದೆ, ಆದರೆ ಹರಿವಿಗೆ ಎದುರಾಗಿ ಏರಲು ಒಪ್ಪುವುದಿಲ್ಲ. ದಡದ ಮಗ್ಗುಲಿನ ನಿಂತ ನೀರಿನಲ್ಲಿ ಗಳುವೂರಿ ಸ್ವಲ್ಪ ದೂರ ತಳ್ಳಬಹುದು. ಅದರಾಚೆಗೆ ಒಡೆಯನೇ ಅದನ್ನು ಹೊರಬೇಕು. ಹಿಂದಿನ ಚರ್ಮದ ಹೊದಿಕೆಗೆ ಇನ್ನೊಂದು ಕಾರಣವೂ ಇತ್ತು. ನೀರಿನಲ್ಲೇ ಬಿಟ್ಟರೆ ಚರ್ಮ ನೆನೆದು ಕೊಳೆಯುತ್ತದೆ. ದಡಕ್ಕೆ ತಂದು ಬೋರಲು ಹಾಕಿ ಒಣಗಿಸಲೇಬೇಕು. ಆದ್ದರಿಂದ ಹರಿಗೋಲಿನ ಗಾತ್ರವನ್ನು ಮೊದಲಿನಿಂದಲೂ ನಿರ್ಣಯಿಸಿದ್ದು ಮನುಷ್ಯನ ತಲೆ ಮತ್ತು ಭುಜ. ಅಮೆರಿಕದವನಿಗೆ ರಸ್ತೆಯ ಎಂಟೂವರೆ ಅಡಿ ಹೇಗೋ ಹಾಗೆ.

ಈ ಕಟ್ಟಳೆ ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಇರಾಕ್ ದೇಶದ ಯೂಫ್ರಟಿಸ್, ಟೈಗ್ರಿಸ್ ನದಿಗಳಲ್ಲಿಯೂ ದುಂಡು ದೋಣಿಗಳಿದ್ದವು. ಕ್ರಿ. ಪೂ. ಐದನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೋಟಸನು ಬ್ಯಾಬಿಲೋನಿನಲ್ಲಿ ತನಗೆ ಸೋಜಿಗವೆನಿಸಿದ ಸಂಗತಿಗಳಲ್ಲಿ ಇವನ್ನೂ ಹೇಳಿದ್ದಾನೆ. ಉತ್ತರದ ಬೆಟ್ಟಗಳ ವರ್ತಕರು ಕಡ್ಡಿಗಳ ಚೌಕಟ್ಟಿಗೆ ಚರ್ಮ ಹೊದಿಸಿ, ಸರಕು ತುಂಬಿ, ಜೊತೆಗೊಂದು ಕತ್ತೆಯನ್ನೂ ನಿಲ್ಲಿಸಿಕೊಂಡು ತೇಲಿ ಬರುತ್ತಿದ್ದರು. ನಗರಕ್ಕೆ ಬಂದ ಮೇಲೆ ಸರಕನ್ನೂ ಚೌಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿ, ನೆಲದ ದಾರಿಯಿಂದ ಊರಿಗೆ ಮರಳುತ್ತಿದ್ದರು. ಹರಿವಿನ ವೇಗಕ್ಕೆ ಎದುರಾಗಿ ದೋಣಿ ಏರಲಾರದೆಂಬುದೇ ಅದಕ್ಕೆ ಅವನು ಕೊಡುವ ಕಾರಣ. ಬರುವಾಗ ದೋಣಿ ಕತ್ತೆಯನ್ನು ಹೊತ್ತಿತು, ಹೋಗುವಾಗ ಕತ್ತೆ ದೋಣಿಯನ್ನು ಹೊತ್ತಿತು.

ಇದಕ್ಕಿಂತಲೂ ಹಳೆಯ ಸಾಕ್ಷಿಯೊಂದು ಈಚೆಗೆ ಬೆಳಕಿಗೆ ಬಂದಿದೆ. ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಇರ್ವಿಂಗ್ ಫಿಂಕೆಲ್ ಅವರು ಸುಮಾರು ೩೭೦೦ ವರ್ಷ ಹಳೆಯ ಬ್ಯಾಬಿಲೋನಿನ ಮಣ್ಣಿನ ಫಲಕವೊಂದನ್ನು ಓದಿ ೨೦೧೪ರಲ್ಲಿ ಗ್ರಂಥ ಪ್ರಕಟಿಸಿದರು. ಮಹಾಪ್ರಳಯದ ಕಾಲದಲ್ಲಿ ಜೀವರಾಶಿಯನ್ನು ಉಳಿಸಲು ಕಟ್ಟಬೇಕಾದ ನಾವೆಯ ವಿವರ ಅದರಲ್ಲಿದೆ. ಆ ನಾವೆ ದುಂಡಗಿನದು, ಹಗ್ಗದಿಂದ ಹೆಣೆದದ್ದು, ಡಾಂಬರಿನಂಥ ನೆಲದೆಣ್ಣೆಯ ಅಂಟನ್ನು ಬಳಿದದ್ದು. ಚರ್ಮವನ್ನು ಬಿಟ್ಟು ಡಾಂಬರು ಹಚ್ಚುವ ನಮ್ಮ ಅಂಬಿಗರು ತಿಳಿಯದೆಯೇ ಬಹು ಹಳೆಯ ಪದ್ಧತಿಗೆ ಮರಳಿದ್ದಾರೆ!

ರೋಮಿನ ಜೂಲಿಯಸ್ ಸೀಸರನ ಕಥೆಯೂ ಇಲ್ಲಿ ಸಲ್ಲುತ್ತದೆ. ಕ್ರಿ. ಪೂ. ೪೯ರಲ್ಲಿ ಸ್ಪೇನಿನ ಯುದ್ಧದಲ್ಲಿ ಪ್ರವಾಹ ಬಂದು ಸೇತುವೆಗಳು ಕೊಚ್ಚಿಹೋದವು, ಅವನ ಸೈನ್ಯ ಸಿಕ್ಕಿಬಿದ್ದಿತು. ಹಿಂದೆ ಬ್ರಿಟನ್ನಿನಲ್ಲಿ ತಾನು ಕಂಡಿದ್ದ ಮಾದರಿಯಲ್ಲಿ, ಹಗುರ ಮರಕ್ಕೆ ಕಡ್ಡಿ ಹೆಣೆದು ಚರ್ಮ ಹೊದಿಸಿ ಅವನು ದೋಣಿಗಳನ್ನು ಮಾಡಿಸಿದ. ಬಂಡಿಗಳನ್ನು ಜೋಡಿಸಿ ಅವುಗಳ ಮೇಲೆ ದೋಣಿಗಳನ್ನಿರಿಸಿ, ರಾತ್ರಿಯ ಹೊತ್ತು ೨೨ ಮೈಲಿ ದೂರ ಸಾಗಿಸಿ, ಶತ್ರುಗಳಿಗೆ ಅರಿವಾಗದಂತೆ ನದಿ ದಾಟಿಸಿದ. ಆ ಬ್ರಿಟನ್ನಿನಲ್ಲಿ ಇಂಥ ದೋಣಿಗಳ ಪರಂಪರೆ ಇಂದಿಗೂ ಅಳಿದಿಲ್ಲ. ವೇಲ್ಸಿನ ಟೈವಿ ನದಿಯಲ್ಲಿ ಮೀನುಗಾರರು ಒಬ್ಬೊಬ್ಬರೇ ಕೂರುವ ಪುಟ್ಟ ಹರಿಗೋಲಿನಲ್ಲಿ ಬಲೆ ಹಾಕುತ್ತ ತೇಲಿಹೋಗಿ, ಹಿಂದಿರುಗುವಾಗ ಪಟ್ಟಿಯನ್ನು ಹೆಗಲಿಗೆ ಹಾಕಿ ಬೆನ್ನ ಮೇಲೆ ಹೊತ್ತು ಬರುತ್ತಿದ್ದರು. ಒಬ್ಬ ಆಳಿನ ಹೊರೆ ಎಷ್ಟೋ ಅವನ ದೋಣಿ ಅಷ್ಟು ಎಂಬ ಅರ್ಥದ ಗಾದೆಯೇ ಆ ಸೀಮೆಯಲ್ಲಿದೆ.

ನಮ್ಮ ನಾಡಿಗೆ ಬರೋಣ. ಸುಮಾರು ೧೫೨೦ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಆನೆಗೊಂದಿಯ ಕಡೆ ದಾಟುವ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ. ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತವೆ ಎಂದು ಅವನು ಬರೆದ. ರಾಜ್ಯದ ಹೊಳೆಗಳಲ್ಲೆಲ್ಲ ಇವಲ್ಲದೆ ಬೇರೆ ದೋಣಿಯಿಲ್ಲವೆಂದೂ ಹೇಳಿದ. ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡ ಸೀಮೆಯ ವಜ್ರದ ಗಣಿಗಳ ಕಡೆ ಹೋದ ಫ್ರೆಂಚ್ ರತ್ನವ್ಯಾಪಾರಿ ಟವೆರ್ನಿಯೇ ಕೂಡ ಚರ್ಮ ಹೊದಿಸಿದ ದೊಡ್ಡ ಬುಟ್ಟಿಗಳಲ್ಲಿ ನದಿ ದಾಟಿದ. ಟಿಪ್ಪುವಿನ ಪತನದ ತರುವಾಯ ಶ್ರೀರಂಗಪಟ್ಟಣದಲ್ಲಿ ದಂಡಿನ ಅಧಿಕಾರಿಯಾಗಿದ್ದ ಆರ್ಥರ್ ವೆಲ್ಲೆಸ್ಲಿ ೧೮೦೩ರ ಮರಾಠಾ ಯುದ್ಧದಲ್ಲಿ ತನ್ನ ಸೈನ್ಯವನ್ನು ನದಿ ದಾಟಿಸಲು ಬುಟ್ಟಿದೋಣಿಗಳನ್ನೇ ಕಟ್ಟಿಸಿದ. ಮುಂದೆ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದವನು ಈತನೇ. ಸಾಮ್ರಾಜ್ಯಗಳು ಬಂದವು, ಹೋದವು. ಅವನ್ನು ದಾಟಿಸಿದ ಬುಟ್ಟಿ ಮಾತ್ರ ಬದಲಾಗಲಿಲ್ಲ. ಆನೆಗೊಂದಿಯಲ್ಲಿ ಕಟ್ಟುತ್ತಿದ್ದ ಸೇತುವೆಯು ೨೦೦೯ರಲ್ಲಿ ಕುಸಿದು ಜೀವಹಾನಿಯಾದಾಗಲೂ, ಪಾಯಸನು ಕಂಡ ಆ ಕಡವಿನಲ್ಲಿ ಜನರು ನಂಬಿದ್ದುದು ದೋಣಿಯನ್ನೇ.

ನಮ್ಮ ಭಾಗದ ಹರಿಗೋಲಿಗೆ ಈಚೆಗೆ ಬಂದ ದಿನಗಳು ಬೇರೆ ಬಗೆಯವು. ೧೯೧೧ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಕಟ್ಟೆ ಮುಗಿದ ಮೇಲೆ ಕಾವೇರಿಯ ಏರಿಳಿತ ಮಳೆಯೊಂದನ್ನೇ ಅನುಸರಿಸಲಿಲ್ಲ. ಅಂಬಿಗನು ಆಕಾಶವನ್ನು ನೋಡುವುದರ ಜೊತೆಗೆ, ಮೇಲಿನಿಂದ ನೀರು ಬಿಟ್ಟರೋ ಇಲ್ಲವೋ ಎಂಬ ಸುದ್ದಿಯನ್ನೂ ಕೇಳಬೇಕಾಯಿತು. ಈ ವಿಷಯದಲ್ಲಿ ರೇಡಿಯೋ ಅವನಿಗೂ ಬೇಕಾದ ವಸ್ತುವೇ. ೧೯೮೭ರಲ್ಲಿ ಈ ಕಾಡು ಕಾವೇರಿ ವನ್ಯಧಾಮವಾಯಿತು. ಆನೆ, ಮೊಸಳೆ, ನೀರುನಾಯಿಗಳ ನೆಲೆಯಾದ ಇಲ್ಲಿ ಮನಬಂದಂತೆ ದೋಣಿ ಇಳಿಸುವಂತಿಲ್ಲ, ಅದು ಸರಿಯೂ ಹೌದು. ಮೇಲ್ಭಾಗದ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್ ಎಂಬ ಹೆಮ್ಮೀನನ್ನು ಗಾಳಕ್ಕೆ ಸಿಕ್ಕಿಸಲು ದೇಶವಿದೇಶಗಳಿಂದ ಹವ್ಯಾಸಿಗಳು ಬರುತ್ತಿದ್ದರು. ಅವರನ್ನು ನೀರಿನ ಮೇಲೆ ನಡೆಸಿದ್ದು ನಮ್ಮ ಹರಿಗೋಲಿನವರು. ಅರಣ್ಯದ ಕಾನೂನು ಬಿಗಿಯಾಗಿ ಆ ಬೇಟೆಯೂ ನಿಂತಿತು. ಇನ್ನು ಮೇಕೆದಾಟಿನಲ್ಲಿ ೬೭.೧೬ ಟಿಎಂಸಿ ನೀರು ಹಿಡಿಯುವ ಕಟ್ಟೆಯೊಂದರ ಯೋಜನೆಯನ್ನು ರಾಜ್ಯವು ೨೦೧೯ರಲ್ಲಿ ಕೇಂದ್ರ ಜಲ ಆಯೋಗಕ್ಕೆ ಸಲ್ಲಿಸಿದೆ. ಅದರ ನ್ಯಾಯಾನ್ಯಾಯಗಳನ್ನು ತೂಗುವುದು ಈ ಲೇಖನದ ಕೆಲಸವಲ್ಲ. ಅದು ಆದ ಪಕ್ಷದಲ್ಲಿ ನಾನು ಎದ್ದುನಿಂತು ಬೈಸಿಕೊಂಡ ಆ ತಾಣದ ಮೇಲೆ ಆಳವಾದ, ನಿಂತ ನೀರು ಇರುವುದು. ನಿಂತ ನೀರಿನಲ್ಲಿ ಯಂತ್ರದ ದೋಣಿ ಓಡೀತು. ಸುಳಿಯನ್ನು ಓದುವ ವಿದ್ಯೆಗೆ ಅಲ್ಲಿ ಕೆಲಸವಿರದು. ಆ ವಿದ್ಯೆ ಪುಸ್ತಕದಲ್ಲಿಲ್ಲ. ಅಪ್ಪನ ಮಗ್ಗುಲಲ್ಲಿ ಕುಳಿತು ಮಗ ಕಲಿಯತಕ್ಕದ್ದು. ಮಕ್ಕಳು ಬೆಂಗಳೂರಿನ ಕೆಲಸಗಳಿಗೆ ಹೊರಟಿರುವಾಗ ಮಗ್ಗುಲಲ್ಲಿ ಕೂರುವವರು ಯಾರು?

ನೀವು ಸಂಸಾರಸಮೇತ ಯಾವುದಾದರೂ ಹೊಳೆಯಲ್ಲಿ ಹರಿಗೋಲು ಹತ್ತುವವರಾದರೆ ಕೆಲವು ಮಾತುಗಳನ್ನು ನೆನಪಿಡಿರಿ. ಅಂಚಿನ ಸುತ್ತ ಸಮನಾಗಿ ಹಂಚಿಕೊಂಡು ತಳದಲ್ಲಿ ಕುಳಿತುಕೊಳ್ಳಿರಿ. ಏನೇ ಚೆಲುವು ಕಂಡರೂ ಎದ್ದುನಿಲ್ಲಬೇಡಿರಿ. ಅಂಬಿಗನು ಸಾಕೆಂದ ಮೇಲೆ ಇನ್ನೊಬ್ಬರನ್ನು ಹತ್ತಿಸಬೇಡಿರಿ. ಮಕ್ಕಳಿಗೂ ನಿಮಗೂ ತೇಲುಕವಚವನ್ನು ಕೇಳಿ ತೊಡಿರಿ. ನೀರು ಕೆಂಪಾಗಿ ಏರುತ್ತಿದ್ದರೆ ಮನೆಗೆ ಹಿಂದಿರುಗಿರಿ, ಹೊಳೆ ನಾಳೆಯೂ ಇರುತ್ತದೆ. ಮೇಕೆದಾಟಿನ ಕಮರಿಯಲ್ಲಂತೂ ಹರಿಗೋಲಿಗೂ ಈಜುಗಾರನಿಗೂ ಕೆಲಸವಿಲ್ಲ. ಅಲ್ಲಿ ಪ್ರಾಣ ಕಳೆದುಕೊಂಡವರು ಬಹಳ ಮಂದಿ.

ಕೊನೆಯದಾಗಿ ಆ ಹುಡುಗನ ಪ್ರಶ್ನೆ. ದೋಣಿ ಮನುಷ್ಯನನ್ನು ಹೊರುತ್ತದೋ, ಮನುಷ್ಯ ದೋಣಿಯನ್ನೋ? ಬ್ಯಾಬಿಲೋನಿನ ಕತ್ತೆಯನ್ನೂ ಸೀಸರನ ಬಂಡಿಯನ್ನೂ ವೇಲ್ಸಿನವನ ಬೆನ್ನನ್ನೂ ಓದಿ ತಿಳಿದ ಮೇಲೆ ಈಗ ಉತ್ತರ ಹೇಳಬಲ್ಲೆ: ಇಬ್ಬರೂ, ಸರದಿಯ ಮೇಲೆ. ಇಳಿಯುವಾಗ ಹೊಳೆ ಪುಕ್ಕಟೆಯಾಗಿ ಒಯ್ಯುತ್ತದೆ. ಏರುವಾಗ ಯಾರೋ ಹೊರಲೇಬೇಕು.

ಬೆಂಗಳೂರಿನ ಓದುಗರಿಗೆ ಈ ಮಾತು ದೂರದ್ದೆಂದು ತೋರಬಾರದು. ೧೯೭೪ರಿಂದ ನೀವು ಕುಡಿಯುತ್ತಿರುವ ಕಾವೇರಿಯೂ ಹೀಗೆ ಹೊತ್ತು ತಂದದ್ದೇ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರು ದೂರಕ್ಕೆ, ಸುಮಾರು ೫೦೦ ಮೀಟರು ಎತ್ತರಕ್ಕೆ ಯಂತ್ರಗಳು ಆ ನೀರನ್ನು ಏರಿಸುತ್ತವೆ. ಐದನೆಯ ಹಂತದ ಯೋಜನೆಯೂ ೨೦೨೪ರ ಅಕ್ಟೋಬರಿನಲ್ಲಿ ಆರಂಭವಾಯಿತು. ಏರಿ ಬಂದ ನೀರು ನಿಮ್ಮ ಮನೆಯಲ್ಲಿ ಬಳಕೆಯಾಗಿ, ಅದರ ಒಂದು ಪಾಲು ವೃಷಭಾವತಿಯ ಕೊಳೆಯಾಗಿ ಹರಿದು, ಕನಕಪುರದ ಬಳಿ ಅರ್ಕಾವತಿಯನ್ನು ಕೂಡುತ್ತದೆ. ಅಲ್ಲಿಂದ ಅದು ಪುಕ್ಕಟೆಯಾಗಿಯೇ ಇಳಿದು ಸಂಗಮಕ್ಕೆ ಬರುತ್ತದೆ. ಅಂದು ನಾನು ಮಕ್ಕಳಿಗೆ ತೋರಿಸಲು ಎದ್ದ, ಎರಡು ನೀರು ಕೂಡುವ ಆ ಗೆರೆಯಲ್ಲಿ ಒಂದು ನೀರು ನಿಮ್ಮ ಮನೆಯನ್ನು ಕಂಡು ಬಂದದ್ದು.

ನಮ್ಮ ಅಂಬಿಗನು ಸಂಜೆ ತನ್ನ ದೋಣಿಯನ್ನು ಒದರಿ, ಒರಸಿ, ಹೊತ್ತೊಯ್ದು, ಮರುದಿನಕ್ಕೆ ಒಣಗಲು ಇಡುತ್ತಿದ್ದ. ತನ್ನನ್ನು ಹೊತ್ತದ್ದಕ್ಕೆ ಆತನು ಸಲ್ಲಿಸುತ್ತಿದ್ದ ಋಣ ಅದು. ನಮ್ಮನ್ನು ಹೊತ್ತಿರುವ ಹೊಳೆಗೆ ನಾವು ಸಂಜೆಯ ಹೊತ್ತು ಏನು ಮಾಡುತ್ತೇವೆ ಎಂಬುದನ್ನು ನಿಮ್ಮ ವಿಚಾರಕ್ಕೆ ಬಿಟ್ಟು ಇಲ್ಲಿಗೆ ಮುಗಿಸುವೆನು.